ಸತುವಿಗೆ ಬಣ್ಣ ಬಳಿಸಿದವರಿಗೆ

ಕಡಲ ಖಾಡಿ ದಾಟುವ ಪ್ರಯಾಣಿಕರ ದೋಣಿಗಳ ತಪಾಸಣಾ ವರದಿಗೆ ಸಹಿ ಹಾಕುವ ಮಾನ್ಯರೇ,

ಅಂಗಾರ ಎಂಬ ದೋಣಿ ಚಾಲಕನ ಲೈಸೆನ್ಸನ್ನು ತಾವು ಅಮಾನತಿನಲ್ಲಿ ಇಟ್ಟಿದ್ದೀರಿ. ತಮ್ಮ ಆದೇಶದ ಪ್ರಕಾರ ಕಾರಣ, "ಚಾಲಕನ ಅಜಾಗರೂಕತೆ". ಚುಕ್ಕಾಣಿ ಮುರಿದದ್ದು ಅವನ ಅಜಾಗರೂಕತೆಯಿಂದಲ್ಲ, ತಾವು ಬಳಿಸಿದ ಬಣ್ಣದಿಂದ. ಬರುವ ಸೋಮವಾರ ವಿಚಾರಣೆಯಂತೆ. ಅವನ ಲೈಸೆನ್ಸು ಪೂರ್ತಿ ರದ್ದಾಗುವ ಮೊದಲು ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ ತಮ್ಮ ಕಚೇರಿ ಮೂರು ಸ್ವೀಕೃತಿ ಸಂಖ್ಯೆಗಳನ್ನು ಕೊಟ್ಟು ಕೃತಾರ್ಥವಾಗಿದೆ.

ತುರ್ಭೆಯಲ್ಲಿ ಇಡ್ಲಿ ಮಾರುವವನಿಗೆ ದೋಣಿಯ ವಿಷಯ ಏನು ಗೊತ್ತು ಎಂದು ತಾವು ನಗಬಹುದು. ಹೋಟೆಲಿಗೆ ಬರುವ ಮುಂಚೆ ಹನ್ನೊಂದು ವರ್ಷ ನಾನು ಮಲ್ಪೆಯ ದೋಣಿ ರಿಪೇರಿ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದೆ. ಅಲ್ಲಿ ಮೊದಲ ವಾರವೇ ಕಲಿಸುವ ಪಾಠವನ್ನು ತಮ್ಮ ಹುದ್ದೆಗೆ ತಕ್ಕ ಗೌರವದೊಂದಿಗೆ ಒಪ್ಪಿಸುತ್ತೇನೆ. ಉಪ್ಪುನೀರಿನಲ್ಲಿ, ಅದೂ ಕಂಚಿನ ಪ್ರೊಪೆಲ್ಲರ್ ಪಕ್ಕದಲ್ಲಿ, ಉಕ್ಕು ಬಲುಬೇಗ ಹಾಳಾಗುತ್ತದೆ. ಅದಕ್ಕಾಗಿ ಚುಕ್ಕಾಣಿಗೂ ದೋಣಿಯ ತಳಕ್ಕೂ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ನೀರು ಮೊದಲು ಸತುವನ್ನು ತಿನ್ನುತ್ತದೆ, ಉಕ್ಕು ಉಳಿಯುತ್ತದೆ. ಅರ್ಧ ಸವೆದಾಗ ತೆಗೆದು ಹೊಸದು ಹಾಕಬೇಕು, ಅಷ್ಟೇ. ಅದಕ್ಕೆ ಬಣ್ಣವನ್ನು ಮಾತ್ರ ಬಳಿಯಬಾರದು. ಬಳಿದರೆ ನೀರಿಗೆ ಸತು ಸಿಗುವುದಿಲ್ಲ, ಅದು ನೇರವಾಗಿ ಉಕ್ಕಿಗೇ ಬಾಯಿ ಹಾಕುತ್ತದೆ.

ಎರಡು ವರ್ಷದ ಹಿಂದೆ, ದೋಣಿಗಳು ಬಂದು ನಿಲ್ಲುವ ಹೊಸ ಧಕ್ಕೆಯ ಉದ್ಘಾಟನೆಯ ದಿನ ತಿಂಡಿಯ ಆರ್ಡರು ನಮ್ಮ ಹೋಟೆಲಿಗೇ ಬಂದಿತ್ತು. ಬೆಳಿಗ್ಗೆ ಇಡ್ಲಿಯ ಪಾತ್ರೆಗಳನ್ನು ಇಳಿಸುವಾಗ, ಇಳಿಜಾರಿನ ಮೇಲೆ ಎಳೆದು ನಿಲ್ಲಿಸಿದ್ದ, ಅಂಗಾರ ಓಡಿಸುವ ದೋಣಿಯ ತಳಕ್ಕೂ ಉಳಿದ ದೋಣಿಗಳ ತಳಕ್ಕೂ ನೀಲಿ ಬಣ್ಣ ಹೊಡೆಯುತ್ತಿದ್ದರು. ಬ್ರಶ್ಶು ಸತುವಿನ ಗಟ್ಟಿಗಳ ಮೇಲೂ ಓಡುತ್ತಿತ್ತು. "ಅರೇ ಭಾಯ್, ಉಸ್ಕೋ ಮತ್ ಲಗಾವೋ, ವೋ ಝಿಂಕ್ ಹೈ" ಎಂದು, ಸತುವಿಗೆ ಹಚ್ಚಬೇಡಿರೆಂದು ಹೇಳಿದೆ. ತಮ್ಮ ಮೇಲ್ವಿಚಾರಕ ನಕ್ಕ. "ಅಣ್ಣಾ, ಸಾಬ್ ಬೋಲಾ ಹೈ, ಏಕ್ ಭೀ ದಾಗ್ ನಹೀ ದಿಖನಾ ಚಾಹಿಯೇ. ಆಪ್ ಇಡ್ಲಿ ದೇಖೋ." ಒಂದೂ ಕಲೆ ಕಾಣಬಾರದೆಂದು ಸಾಬ್ ಹೇಳಿದ್ದಾರೆ, ನೀವು ಇಡ್ಲಿ ನೋಡಿಕೊಳ್ಳಿ ಎಂದ. ಸಾಬ್ ಎಂದರೆ ತಾವೇ. ಇಡೀ ದೋಣಿಯನ್ನು ಕಾಯಬೇಕಾದ ಆ ಬೂದು ಗಟ್ಟಿಗಳು ತಮ್ಮ ಕಣ್ಣಿಗೆ ಕಲೆಯಾಗಿ ಕಂಡಿದ್ದವು. ಆಮೇಲೆ ತಾವು ದೋಣಿಗೆ ಒಂದು ಸುತ್ತು ಬಂದು, ಮೆಚ್ಚಿ, ಫೋಟೋ ತೆಗೆಸಿಕೊಂಡಿರಿ.

ಮರುವರ್ಷದ ತಪಾಸಣೆಯಲ್ಲಿ ತಾವು ಬರೆದದ್ದು ಹೀಗೆ: "ಸತುವಿನ ಗಟ್ಟಿಗಳು ಹೊಸದರಂತಿವೆ. ಸವೆತ ಶೂನ್ಯ. ಬದಲಾಯಿಸುವ ಅಗತ್ಯವಿಲ್ಲ." ಆಹಾ! ಮಧ್ಯಾಹ್ನ ಕಳೆದರೂ ಸಾಂಬಾರಿನ ಪಾತ್ರೆ ತುಂಬಿಯೇ ಇದ್ದರೆ ನಮ್ಮ ಹೋಟೆಲಿನಲ್ಲಿ ಯಾರೂ ಸಂಭ್ರಮಪಡುವುದಿಲ್ಲ, ಏನೋ ಕೆಟ್ಟಿದೆ ಎಂದು ಮುಚ್ಚಳ ತೆಗೆದು ನೋಡುತ್ತಾರೆ. ಒಂದು ವರ್ಷ ಉಪ್ಪುನೀರಿನಲ್ಲಿ ಮುಳುಗಿದ್ದ ಸತು ಹೊಸದರಂತೆ ಏಕಿದೆ ಎಂಬ ಅನುಮಾನ ತಮಗೆ ಬರಲೇ ಇಲ್ಲವೇ? ಅಥವಾ ಬಗ್ಗಿ ನೋಡಲು ಇಸ್ತ್ರಿ ಮಾಡಿದ ಪ್ಯಾಂಟು ಅಡ್ಡ ಬಂತೇ?

ಕಳೆದ ಜನವರಿಯ ಒಂದು ಬೆಳಿಗ್ಗೆ, ಇಳಿತದ ಸೆಳೆತ ಜೋರಾಗಿದ್ದಾಗ, ಮೂವತ್ತನಾಲ್ಕು ಜನರಿದ್ದ ಆ ದೋಣಿ ಸೇತುವೆಯ ಕಂಬದ ಕಡೆಗೆ ಜಾರತೊಡಗಿತು. ಅಂಗಾರ ನನಗೆ ಹೇಳಿದ್ದು ಇಷ್ಟು: "ಚಕ್ರ ತಿರುಗಿಸ್ತೇನೆ, ತಿರುಗಿಸ್ತೇನೆ, ಕೈಗೆ ಭಾರವೇ ಸಿಗುದಿಲ್ಲ ಮಾರಾಯ್ರೆ. ಆಗ್ಲೇ ಗೊತ್ತಾಯ್ತು, ಕೆಳಗೆ ಎಂತದೂ ಇಲ್ಲ ಅಂತ." ಅವನು ಎಂಜಿನ್ನನ್ನು ಹಿಂದಕ್ಕೆ ಓಡಿಸಿ, ತಾನೇ ಹೋಗಿ ಲಂಗರು ಇಳಿಸಿದ. ಹಗ್ಗಕ್ಕೆ ಸಿಕ್ಕಿ ಅವನ ಎಡಗೈಯ ಎರಡು ಬೆರಳು ಹೋದವು. ಮೂವತ್ತನಾಲ್ಕು ಜನರೂ ಮನೆ ಸೇರಿದರು. ತಮ್ಮ ನಿಘಂಟಿನಲ್ಲಿ ಇದಕ್ಕೆ ಅಜಾಗರೂಕತೆ ಎನ್ನುತ್ತಾರೆ.

ದೋಣಿಯನ್ನು ದಡಕ್ಕೆ ಎಳೆದಾಗ ನಾನು ಹೋಗಿ ನೋಡಿದೆ. ಚುಕ್ಕಾಣಿಯ ದಂಡ ಗುಂಡಿಗುಂಡಿಯಾಗಿ ಕೊರೆದುಹೋಗಿ ಮಧ್ಯದಲ್ಲಿ ತುಂಡಾಗಿತ್ತು. ಪಕ್ಕದಲ್ಲೇ ಸತುವಿನ ಗಟ್ಟಿಗಳು ನೀಲಿ ಬಣ್ಣ ಹೊದ್ದು ಹಾಯಾಗಿದ್ದವು. ಬಿಚ್ಚಿ ಗುಜರಿಗೆ ಎಸೆದದ್ದರಲ್ಲಿ ಒಂದನ್ನು ಕೇಳಿ ತಂದಿದ್ದೇನೆ.

ಅಂಗಾರ ಈಗ ದಿನವೂ ನಮ್ಮ ಹೋಟೆಲಿಗೆ ಬಂದು ಒಂದು ಚಹಾ ಹಿಡಿದು ಕೂರುತ್ತಾನೆ. "ಬೆರಳು ಹೋದ್ರೆ ಹೋಯ್ತು. ನನಗೆ ಬೋಟು ಬಿಡ್ಲಿಕ್ಕೆ ಗಮನ ಇಲ್ಲ ಅಂತ ಬರ್ದಿದ್ದಾರಲ್ಲ ರಾಯರೇ, ಅದನ್ನು ಹೊಡೆದು ಹಾಕ್ಲಿ" ಎನ್ನುತ್ತಾನೆ. ಅವನ ಮುಖ ನೋಡಲು ನನಗೆ ಆಗುವುದಿಲ್ಲ.

ಆದ್ದರಿಂದ ಆ ಸಾಲನ್ನು ಹೊಡೆದು ಹಾಕಿ. ಲೈಸೆನ್ಸು ಹಿಂದಿರುಗಿಸಿ. ಅದೇ ನೀಲಿ ಬಳಿದುಕೊಂಡು ಇವತ್ತೂ ಜನರನ್ನು ಹೊತ್ತು ಓಡುತ್ತಿರುವ ಉಳಿದ ದೋಣಿಗಳನ್ನು ಈ ವಾರವೇ ಮೇಲೆತ್ತಿ ಸತು ಬದಲಾಯಿಸಿ, ದಂಡಗಳನ್ನು ಪರೀಕ್ಷಿಸಿ. ಹೊಸ ದಂಡಕ್ಕೆ ಉಕ್ಕಿಲ್ಲ ಎನ್ನಬೇಡಿ, ಕಳಂಬೋಲಿಯ ಉಕ್ಕಿನ ಪೇಟೆ ಇಲ್ಲೇ ಇದೆ.

ಸೋಮವಾರ ನಾನೂ ಬರುತ್ತೇನೆ. ಆ ಗಟ್ಟಿಯನ್ನು ತಮ್ಮ ಮೇಜಿನ ಮೇಲಿಟ್ಟು ಎಲ್ಲರೆದುರು ಕೆರೆದು ತೋರಿಸುತ್ತೇನೆ. ಅಷ್ಟೆಲ್ಲ ಗೊತ್ತಿದ್ದವನು ಅಂದೇ ಏಕೆ ಗಲಾಟೆ ಮಾಡಲಿಲ್ಲ ಎಂದು ತಾವು ಕೇಳಬಹುದು. ಕೇಳಿ. ಮುಂದಿನ ಆರ್ಡರು ತಪ್ಪೀತೆಂದು ಬಾಯಿ ಮುಚ್ಚಿಕೊಂಡೆ ಎಂದು ಅಂಗಾರನ ಎದುರಿಗೇ ಹೇಳುತ್ತೇನೆ. ಅವನಿಗೆ ಇದು ಇನ್ನೂ ಗೊತ್ತಿಲ್ಲ. ಇವತ್ತು ಚಹಾಕ್ಕೆ ಬಂದಾಗ ಈ ಪತ್ರವನ್ನು ಮೊದಲು ಅವನಿಗೇ ಓದಿ ಹೇಳಬೇಕು.

ಇಂತಿ,
ಒಂದು ಸಲ ಹೇಳಿ ಇಡ್ಲಿಯ ಕಡೆ ತಿರುಗಿಕೊಂಡವನು,
ಪುಂಡರೀಕಾಕ್ಷ, ತುರ್ಭೆ