ಗ್ರಹಕ್ಕೊಂದು ಅಡುಗೆಮನೆ

ಕೋಪರಿ, ಥಾಣೆ ಪೂರ್ವ
ಮಂಗಳವಾರ

ನನ್ನ ಅನಘಾ,

ಮೊದಲು ಡಬ್ಬಿ ಬಿಚ್ಚು. ಮೇಲೆ ಚಟ್ನಿಪುಡಿ ಇದೆ, ಅಡಿಯಲ್ಲಿ ಗೋಳಿಬಜೆ. ಬಜೆ ಆರಿರುತ್ತದೆ, ಆದರೂ ತಿನ್ನು. ತಿಂದುಕೊಂಡೇ ಓದು. ಹಸಿದ ಹೊಟ್ಟೆಯಲ್ಲಿ ಅಪ್ಪಯ್ಯನ ಸುದ್ದಿ ಕೇಳಿದರೆ ನಿನಗೆ ಸಿಟ್ಟು ಬೇಗ ಏರುತ್ತದೆ.

ಹೌದು, ಇದು ಅಪ್ಪಯ್ಯನ ಸುದ್ದಿಯೇ. ಫೋನಿನಲ್ಲಿ ಅವರ ಹೆಸರೆತ್ತಿದ ಕೂಡಲೇ "ಅಮ್ಮಾ, ಟ್ರೇನ್ ಬಂತು" ಎಂದು ಇಟ್ಟುಬಿಡುತ್ತೀ. ಕಳಂಬೋಲಿಯ ರೂಮಿನಲ್ಲಿ ನಿನ್ನ ಫ್ಯಾನಿನ ಕಟಕಟ ನನಗೆ ಕೇಳುತ್ತಿರುವಾಗಲೂ ನಿನಗೆ ಟ್ರೇನ್ ಬರುತ್ತದಲ್ಲ ಮಾರಾಯ್ತಿ! ಅದಕ್ಕೇ ಕಾಗದ. ಕನ್ನಡ ಓದಿ ಬಹಳ ಕಾಲವಾಗಿದ್ದರೆ ಜೋರಾಗಿ ಓದು. ಸ್ಲೇಟು ಹಿಡಿಸಿ ಕಲಿಸಿದ್ದು ನಾಲಿಗೆಗೆ ನೆನಪಿರುತ್ತದೆ.

ವಿಷಯ ಇಷ್ಟು. ನಮ್ಮ ಹೋಟೆಲಿನ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುವುದು ನಿನಗೆ ಗೊತ್ತೇ ಇದೆ. ಬರುವ ಭಾನುವಾರ ಕೊನೆಯ ಸಲ ಶಟರ್ ಎಳೆಯುವುದು. ಹೊಸ ಕಟ್ಟಡ ಎದ್ದು ಮತ್ತೆ ಒಲೆ ಹೊತ್ತುವುದು ಯಾವಾಗ ಎಂದು ಬಿಲ್ಡರನಿಗೇ ಗೊತ್ತಿಲ್ಲ. ಆ ದಿನ ನೀನು ಇಲ್ಲಿರಬೇಕು. ಚಿಕ್ಕವಳಿರುವಾಗ ಅಪ್ಪಯ್ಯನ ಕೈಗೆ ನೇತುಬಿದ್ದು ಅದೇ ಶಟರನ್ನು ಎಳೆಯುತ್ತಿದ್ದವಳು ನೀನು. ಅವರು ಬಾಯಿಬಿಟ್ಟು ಕರೆಯುವುದಿಲ್ಲ, ನೀನು ಕರೆಯದೆ ಬರುವುದಿಲ್ಲ. ಇಬ್ಬರದ್ದೂ ಒಂದೇ ಅಚ್ಚು, ನಡುವೆ ಬೇಯುವವಳು ನಾನು.

ಡೊಂಬಿವಲಿಯಲ್ಲಿ ನಮ್ಮ ನೆಂಟರ ಹುಡುಗಿ ನಿಕಿತಾಳ ನಿಶ್ಚಿತಾರ್ಥದ ದಿನ ಅವರು ಆಡಿದ್ದು ತಪ್ಪೇ. ನಾನು ಅವರ ಪರ ವಕೀಲಿ ಮಾಡುತ್ತಿಲ್ಲ. "ಇವಳು ವಿಡಿಯೊ ಗೇಮ್ ಮಾಡಿ ಸಂಬಳ ತಗೊಳ್ಳುವುದಂತೆ, ಅಂಥ ಕೆಲಸಕ್ಕೆ ನನ್ನ ಹೆಸರು ಹಾಕ್ಕೊಳ್ಳುವುದು ಬೇಡ" ಎಂದು ನೆಂಟರೆದುರು ನಕ್ಕರಲ್ಲ, ನಾನು ಹೋಳಿಗೆ ಬಡಿಸುತ್ತಿದ್ದವಳು ಹಾಗೆಯೇ ನಿಂತುಬಿಟ್ಟೆ. ನೀನು ಎದ್ದು ಹೋದೆ. ಆ ವಾರವೇ ನಿನ್ನ ವಾಟ್ಸ್ಯಾಪಿನಲ್ಲಿ ಅಪ್ಪಯ್ಯನ ಹೆಸರೂ ಹೋಯಿತು, ಉಪಾಧ್ಯ ಎನ್ನುವುದೂ ಹೋಯಿತು, ಬರೀ ಅನಘಾ ಉಳಿಯಿತು. ಅದನ್ನು ಅಪ್ಪಯ್ಯ ನೋಡಿದರು. ಅವತ್ತು ನಮ್ಮ ಅಡುಗೆಯ ಚೆನ್ನಯನಿಗೆ ದೋಸೆ ಕರಿಯಾಯಿತೆಂದು ವಿನಾಕಾರಣ ಬೈದರು. ಆಮೇಲೆ ಒಂದು ವರ್ಷವೇ ಆಗುತ್ತಾ ಬಂತು ಮಗಾ.

ಈಗ ಹೇಳಬಾರದೆಂದು ಅವರಿಗೆ ಮಾತು ಕೊಟ್ಟದ್ದನ್ನು ಹೇಳುತ್ತೇನೆ. ಅಪ್ಪಯ್ಯ ನಿನ್ನ ಆಟ ಆಡುತ್ತಿದ್ದಾರೆ.

ಮೊದಲು ನನಗೂ ತಿಳಿಯಲಿಲ್ಲ. ಮಧ್ಯಾಹ್ನ ಊಟದವರೆಲ್ಲ ಎದ್ದ ಮೇಲೆ ಗಲ್ಲಾದಲ್ಲಿ ಮೆನುಕಾರ್ಡು ಅಡ್ಡ ಇಟ್ಟುಕೊಂಡು ಕೂರುತ್ತಿದ್ದರು. ಏನೋ ಶೇರು ಮಾರ್ಕೆಟು ಇರಬೇಕೆಂದುಕೊಂಡೆ. ಒಂದು ದಿನ ಮೆನುಕಾರ್ಡಿನ ಹಿಂದಿನಿಂದ ಢಮಾರ್ ಎಂದು ಬಾಂಬು ಸಿಡಿದ ಸದ್ದು! ಕಾಫಿ ಕುಡಿಯುತ್ತಿದ್ದ ಬ್ಯಾಂಕಿನವರು ಅಂಗಿಯ ಮೇಲೆ ಚೆಲ್ಲಿಕೊಂಡರು. ನೋಡಿದರೆ ಟ್ಯಾಬಿನಲ್ಲಿ ನಿನ್ನ ಆಕಾಶ, ನಿನ್ನ ಗ್ರಹಗಳು. ನಿನ್ನ ಚಿಕ್ಕಪ್ಪನ ಮಗ ಮನೀಶನಿಂದ ಗುಟ್ಟಾಗಿ ಹಾಕಿಸಿಕೊಂಡದ್ದಂತೆ.

ಗುಟ್ಟು ಒಡೆದ ಮೇಲೆ ನನ್ನ ಕಿವಿಗೆ ಬಿಡುವಿಲ್ಲ. ಒಂದು ಗ್ರಹದಲ್ಲಿ ಎಂಬತ್ತು ಲಕ್ಷ ಜನ ಇದ್ದಾರಂತೆ. ಬಂದರಿದೆ, ದಂಡಿದೆ, ಮ್ಯೂಸಿಯಮ್ ಇದೆ, ಒಂದು ಅಡುಗೆಮನೆ ಮಾತ್ರ ಇಲ್ಲವಂತೆ. ಆ ಜನ ದಂಗೆ ಏಳುವುದು ಯಾಕೆ ಗೊತ್ತೇ ಎಂದು ನನ್ನನ್ನೇ ಕೇಳಿದರು. ನಾಟಕಶಾಲೆ ಕಟ್ಟಿಸಿಲ್ಲ ಎಂಬ ಕಾರಣಕ್ಕಂತೆ! ಸಾಂಬಾರು ಎರಡು ನಿಮಿಷ ತಡವಾದರೆ ಟೇಬಲು ಕುಟ್ಟುವವರನ್ನು ತಾನು ನೋಡಿದ್ದೇನೆ, ಉಪವಾಸ ಕೂತು ನಾಟಕ ಕೇಳುವವರನ್ನು ಎಲ್ಲೂ ಕಂಡಿಲ್ಲ ಎನ್ನುತ್ತಾರೆ. ಇನ್ನೊಂದು, ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವ ಹಡಗು ಕಟ್ಟಿದವರು ಅದಾದ ಮೇಲೆ ಕೂತು ಬೇಸಾಯ ಕಂಡುಹಿಡಿಯುತ್ತಾರಂತೆ. ಹಾಗಾದರೆ ಹಡಗು ಕಟ್ಟುವವರೆಗೆ ಏನು ತಿಂದರು, ಮಣ್ಣೇ? ಇದು ಅವರ ಪ್ರಶ್ನೆ, ನನ್ನದಲ್ಲ. ಆದರೂ ಉತ್ತರವಿದ್ದರೆ ಬರೆ.

ಹಸಿರು ತಲೆಯವರು ಎಲ್ಲಿಂದಲೋ ಮೊದಲ ಸಲ ಎದುರಾಗುತ್ತಾರೆ, ಎದುರಾದ ತಕ್ಷಣ ಟಕಟಕ ಇಂಗ್ಲಿಷ್ ಮಾತಾಡುತ್ತಾರೆ. ನಮ್ಮ ಚೆನ್ನಯ ಕಾರ್ಕಳದಿಂದ ಬಂದು ಇಷ್ಟು ವರ್ಷ ಕಾವಲಿ ಎದುರು ನಿಂತರೂ ಮರಾಠಿಯಲ್ಲಿ ಇನ್ನೂ "ಕಾಯ್ ಪಾಹಿಜೆ", ಏನು ಬೇಕು ಎಂಬುದನ್ನು ದಾಟಿಲ್ಲ. ಅದಿರಲಿ, ಅಷ್ಟು ದೊಡ್ಡ ಆಕಾಶದಲ್ಲಿ ಹಡಗುಗಳು ಒಂದೇ ಗೆರೆಯ ಮೇಲೆ ಹೋಗುತ್ತವೆ, ನಡುವೆ ಶತ್ರುವಿನ ಒಂದು ಚೌಕಿ ಇದ್ದರೆ ಎಲ್ಲವೂ ಸಾಲಾಗಿ ನಿಂತುಬಿಡುತ್ತವೆ. "ಆಕಾಶದಲ್ಲೂ ಮಾಜಿವಾಡಾ ನಾಕಾದ ಟ್ರಾಫಿಕ್ ಯಾಕೆ ವೇದಾ? ಮೇಲಿಂದ ಹೋಗಲಿಕ್ಕೆ ಎಂಥ ಧಾಡಿ ಇವಕ್ಕೆ?" ಎಂದು ಅವರು ರೇಗಿದ್ದು ನೋಡಬೇಕಿತ್ತು ನೀನು. ಹಾಲಿನವನೂ ನಕ್ಕ.

ಇಷ್ಟು ಬೈದರೂ ಬಿಡುವುದಿಲ್ಲ. ಪ್ರತಿ ಸಲವೂ ಸೋಲುತ್ತಾರೆ. ಯಾಕೆ ಸೋಲುತ್ತಾರೆಂದರೆ ಆಟವನ್ನೂ ಹೋಟೆಲಿನ ಹಾಗೆಯೇ ನಡೆಸುತ್ತಾರೆ. ಊಟದ ಹೊತ್ತಿಗೆ ಬಾಗಿಲಿಗೆ ಬಂದವನಿಗೆ ಮೊದಲು ಎಲೆ ಹಾಕಬೇಕು, ಊರು ಹೆಸರು ಆಮೇಲೆ ಕೇಳಬೇಕು ಎಂಬುದು ನಿನ್ನ ಅಜ್ಜ ಹಾಕಿಕೊಟ್ಟ ಪದ್ಧತಿ ತಾನೇ? ಶತ್ರುವಿನ ದಂಡು ಬಂದು ಗ್ರಹಕ್ಕೆ ಮುತ್ತಿಗೆ ಹಾಕುತ್ತದೆ, ಇವರು ಧಾನ್ಯ ಕಳುಹಿಸುವ ಗುಂಡಿ ಒತ್ತುತ್ತಾರೆ! ಅಷ್ಟು ದೂರದಿಂದ ಬಂದಿದ್ದಾರೆ, ಹಡಗಿನಲ್ಲಿ ಅಡುಗೆಯವನೂ ಇಲ್ಲ ಎಂದು ಸಮಜಾಯಿಷಿ ಬೇರೆ. ಅವರು ಉಂಡು ಕೈ ತೊಳೆದು ಬಾಂಬು ಹಾಕುತ್ತಾರೆ. "ದೊಡ್ಡಪ್ಪಾ, ಪೆಹಲೆ ಅಟ್ಯಾಕ್ ಕರೋ ನಾ" ಎಂದು, ಮೊದಲು ನೀವೇ ದಾಳಿ ಮಾಡಿ ಎಂದು, ಮನೀಶ ತಲೆ ಚಚ್ಚಿಕೊಳ್ಳುತ್ತಾನೆ. ಇವರು ಕೇಳುವುದಿಲ್ಲ. ಈಗ ಹೊಸ ಉಪಾಯ ಹೂಡಿದ್ದಾರೆ, ಕೈಗೆ ಸಿಕ್ಕ ಗ್ರಹದಲ್ಲೆಲ್ಲ ಬರೀ ಗದ್ದೆ. ಫಿರಂಗಿ ಇಡಬೇಕಾದ ಕಡೆಯೂ ಗದ್ದೆ.

ಇಷ್ಟೆಲ್ಲ ಯಾಕೆ ಎಂದು ಒಂದು ದಿನ ಗಟ್ಟಿಯಾಗಿ ಕೇಳಿದೆ. ಆಟ ಗೆದ್ದರೆ ಮಾತ್ರ ಕೊನೆಯಲ್ಲಿ ಅದನ್ನು ಮಾಡಿದವರ ಹೆಸರು ಬರುತ್ತದೆಂದು ಮನೀಶ ಹೇಳಿದ್ದಾನಂತೆ. ಅನಘಾಳ ಹೆಸರು ಒಮ್ಮೆ ನೋಡಬೇಕು ಎಂದರು. ಯಾರೋ ಗೆದ್ದದ್ದರ ವಿಡಿಯೊವನ್ನು ಮನೀಶ ಫೋನಿನಲ್ಲಿ ಈಗಲೇ ತೋರಿಸುತ್ತಾನಲ್ಲ ಎಂದದ್ದಕ್ಕೆ, ಅದು ಬೇಡ, ಬೇರೆಯವರು ಗೆದ್ದದ್ದನ್ನು ನೋಡಿ ತನಗೇನು ಎಂದು ಮುಖ ತಿರುಗಿಸಿದರು. ಅವರಿಗೆ ಹೆಸರು ನೋಡುವ ಆಸೆ ಇದ್ದಷ್ಟೇ ಹೆದರಿಕೆಯೂ ಇದೆ ಎಂದು ನನಗೆ ಆವಾಗ ಗೊತ್ತಾಯಿತು. ನನಗೆ ಅವರ ಮೇಲೆ ತುಂಬ ಕನಿಕರ ಬಂತು ಅನಘಾ, ನಿನ್ನ ಮೇಲೂ ಬಂತು.

ನಿನ್ನ ಆಟದಲ್ಲಿ ಇನ್ನೊಂದು ತಮಾಷೆ ಇದೆಯಂತೆ. ನಿನ್ನೆ ಊರು ಸುಟ್ಟವನಿಗೆ ಇವತ್ತು ಸಾಕಷ್ಟು ಧಾನ್ಯ ಹೋದರೆ ಅವನು ಹಿಂದಿನದ್ದೆಲ್ಲ ಮರೆತು ಸ್ನೇಹಿತ ಎಂದು ಬರುತ್ತಾನಂತೆ. ಇದೊಂದು ಮಹಾ ಮೂರ್ಖತನ, ನಿಜವಾಗಿ ಯಾರು ಹೀಗೆ ಮರೆಯುತ್ತಾರೆ ಎಂದು ಅಪ್ಪಯ್ಯ ಅಂದರು. ಅಂದವರು ಮತ್ತೆ ಟ್ಯಾಬು ತೆರೆದು ಆ ಶತ್ರುವಿಗೇ ಇನ್ನೊಂದು ಹಡಗು ಧಾನ್ಯ ಕಳುಹಿಸಿದರು. ಬೇಸಾಯ, ಅಡುಗೆಮನೆ, ಎಲ್ಲ ತಿದ್ದು ಮಗಾ. ಆ ಒಂದು ಮೂರ್ಖತನವನ್ನು ಮಾತ್ರ ತಿದ್ದಬೇಡ.

ಭಾನುವಾರ ಬಾ. ಅವರೊಡನೆ ಮಾತಾಡಲು ಮನಸ್ಸಾಗದಿದ್ದರೆ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬಾ, ನನ್ನ ಹತ್ತಿರ ಕೂತು ಒಂದು ದೋಸೆ ತಿಂದು ಹೋಗು. ಅಷ್ಟಾದರೂ ಸಾಕು ಎಂದು ಬರೆಯುತ್ತಿದ್ದೇನೆ, ಆದರೆ ಅಷ್ಟು ನನಗೆ ಸಾಕಾಗುವುದಿಲ್ಲ.

ನಿನ್ನದೇ
ಅಮ್ಮ, ವೇದಾವತಿ

ಮರೆತ ಮಾತು: ಬುಧವಾರ ಬೆಳಗ್ಗೆ. ನಿನಗೆ ತಲುಪಿಸಬೇಕಿದ್ದ ಮನೀಶ ನಿನ್ನೆ ಬರಲಿಲ್ಲ, ಹಾಗಾಗಿ ಡಬ್ಬಿಯೂ ಕಾಗದವೂ ಇಲ್ಲೇ ಉಳಿದವು. ಒಳ್ಳೆಯದೇ ಆಯಿತು. ಬಜೆ ಬದಲಿಸಿದ್ದೇನೆ, ಕಾಗದಕ್ಕೂ ಸೇರಿಸುವುದಿದೆ.

ನಿನ್ನೆ ಸಂಜೆ ಅಪ್ಪಯ್ಯ ಗೆದ್ದರು! ಒಂದು ಗುಂಡೂ ಹಾರಿಸಲಿಲ್ಲ. ಶತ್ರುಗಳೆಲ್ಲ ಇವರ ಅಕ್ಕಿ ತಿಂದು ತಿಂದು ಸ್ನೇಹಿತರಾಗಿ, ಹೊಡೆದಾಡಲು ಯಾರೂ ಉಳಿಯದೆ ಆಟವೇ ಮುಗಿದುಹೋಯಿತು. ಮೂಗಿನ ಮೇಲೆ ಕನ್ನಡಕ ಇದ್ದರೂ "ನನಗೆ ಸರಿ ಕಾಣುವುದಿಲ್ಲ, ನೀನು ಓದು" ಎಂದು ಟ್ಯಾಬು ನನ್ನ ಕೈಗೆ ಕೊಟ್ಟು ಆಚೆ ತಿರುಗಿ ನಿಂತರು. ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರಿದವು. ನಿನ್ನ ಆಫೀಸಿನವರದ್ದೆಲ್ಲ ಎರಡೆರಡೇ ಪದ. ನಿನ್ನದು ಮಾತ್ರ ಶಾಲೆಯ ಫಾರ್ಮಿನಲ್ಲಿದ್ದಷ್ಟು ಉದ್ದ. ಅನಘಾ ವಿಷ್ಣುಮೂರ್ತಿ ಉಪಾಧ್ಯ. ಇಲ್ಲಿಯ ಪದ್ಧತಿ ಯಾಕೆ ಹೀಗೆ, ಅಪ್ಪನ ಹೆಸರು ನಡುವೆ ತುರುಕಿದರೆ ಚೌಕದೊಳಗೆ ಹಿಡಿಸುವುದಿಲ್ಲ ಎಂದು ಅಳುತ್ತಿದ್ದವಳು ನೀನೇ ತಾನೇ? ಈ ಆಟ ಹೊರಬಂದದ್ದು ಡೊಂಬಿವಲಿಯ ಆ ದಿನದ ಎಷ್ಟೋ ತಿಂಗಳ ಮೇಲೆ. ಅಷ್ಟು ಕೇಳಿಸಿಕೊಂಡ ಮೇಲೂ ನೀನು ಅವರ ಹೆಸರು ಹಾಕಿದ್ದೀ.

ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಅಷ್ಟರಲ್ಲಿ ಹೆಸರು ಮೇಲೆ ಹೋಗಿ ಮಾಯವಾಗಿತ್ತು. ಮತ್ತೆ ನೋಡಬೇಕಾದರೆ ಮತ್ತೆ ಗೆಲ್ಲಬೇಕಂತೆ, ಇದೆಂಥ ಆಟ ಮಾರಾಯ್ತಿ? ಈಗ ಗಲ್ಲಾದಲ್ಲಿ ಕೂತು ಮೊದಲ ಗ್ರಹದಿಂದ ಮತ್ತೆ ಗದ್ದೆ ಹಾಕಲು ಶುರು ಮಾಡಿದ್ದಾರೆ, ಕಣ್ಣು ಕೆಂಪಾಗಿದೆ, ಗಿರಾಕಿಗಳಿಗೆ ಚಿಲ್ಲರೆ ತಪ್ಪು ಕೊಡುತ್ತಿದ್ದಾರೆ. ಭಾನುವಾರದೊಳಗೆ ಅವರು ಗೆಲ್ಲುವ ಹಾಗೆ ಕಾಣುವುದಿಲ್ಲ. ನೀನು ಮುಂದಿನ ಬಾಗಿಲಿನಿಂದಲೇ ಬಾ, ಅವರ ಎದುರು ನಿಂತು ನಿನ್ನ ಹೆಸರನ್ನು ಪೂರ್ತಿ ಹೇಳು.