ಎಲ್ಲಾ ನಾನೇ ನೋಡ್ಕೋತೀನಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಹೋಯಿತಾ? ಆ ಹೊಸ ಶಾಖೆಯವರು ನಿನ್ನನ್ನು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡುತ್ತಾರೋ ಇಲ್ಲವೋ? ನಾನು ಚೆನ್ನಾಗಿದ್ದೇನೆ, ಹೊಟ್ಟೆಕಿಚ್ಚೊಂದನ್ನು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ. ಅಮ್ಮನ ಎಡಗಣ್ಣಿನ ಪೊರೆ ಬಲಿತಿದೆ, ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿ ತಿಂಗಳಾಯಿತು. ದಿನ ಗೊತ್ತುಮಾಡಿದಾಗಲೆಲ್ಲ ಅಮ್ಮ "ಪುಟ್ಟಿ ಬರ್ಲಿ, ಆಮೇಲೆ ನೋಡೋಣ" ಎನ್ನುತ್ತಾಳೆ. ಪಕ್ಕದಲ್ಲೇ ಕೂತಿರುವ ನಾನೇನು ಮೇಜೋ ಕುರ್ಚಿಯೋ? "ನಾನಿದ್ದೀನಲ್ಲ, ಎಲ್ಲಾ ನಾನೇ ನೋಡ್ಕೋತೀನಿ" ಎಂದು ಹೇಳಿ ಹೇಳಿ ಸಾಕಾಗಿದೆ. ನಿನಗೆ ಇಷ್ಟು ದಿನ ತಿಳಿಸದೆ ಇದ್ದದ್ದು ಬೇಕೆಂದೇ.

ಆಫೀಸಿನಲ್ಲೂ ಇದೇ ಕಥೆ. ಗ್ರಾಹಕರೊಡನೆ ಮಾತಾಡುವ ನಮ್ಮ ಎಐ ಏಜೆಂಟಿಗೆ, ಆ ಶಾಖೆಗೆ ವರ್ಗವಾಗುವ ಮೊದಲು, ನೀನು ವಾಷಿಂಗ್ ಮೆಷಿನ್ನಿನ ಬಿಡಿಭಾಗ ಹುಡುಕುವ ಟೂಲ್ ಮಾಡಿಕೊಟ್ಟು ಹೋದೆ. ಮೆಕ್ಯಾನಿಕ್‌ನನ್ನು ಮನೆಗೆ ಕಳಿಸುವ ಟೂಲ್ ನನ್ನದು. ಯಾವುದನ್ನು ಯಾವಾಗ ಬಳಸಬೇಕೆಂದು ಅದಕ್ಕೆ ತಿಳಿಯುವುದು ಪ್ರತಿ ಟೂಲಿನ ಜೊತೆಗೆ ನಾವು ಬರೆದಿಟ್ಟ ವಿವರಣೆಯಿಂದ ಮಾತ್ರ. ಪಾಪ, ಅದು ಟೂಲಿನ ಒಳಗೆ ಇಣುಕಿ ನೋಡಲಾರದು. ನೀನು ಹೋದ ಮೇಲೂ ಅದು ನಿನ್ನದನ್ನೇ ಹುಡುಕಿಕೊಂಡು ಹೋಗುತ್ತಿತ್ತು, ನನ್ನದು ಮೂಲೆ ಸೇರಿತ್ತು. ಮೊನ್ನೆ ಮೀಟಿಂಗಿನಲ್ಲಿ ಮ್ಯಾನೇಜರು ನಿನ್ನ ವಿವರಣೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ "ನೋಡಿ, ಹೀಗೆ ಬರೀಬೇಕು" ಎಂದರು. 'ಮಾಡೆಲ್ ನಂಬರ್ ಕೊಟ್ಟರೆ ಬಿಡಿಭಾಗದ ಬೆಲೆಯನ್ನೂ, ಅದು ಅಂಗಡಿಯಲ್ಲಿದೆಯೇ ಎಂಬುದನ್ನೂ ಹೇಳುತ್ತದೆ. ನಂಬರ್ ಇಲ್ಲದಿದ್ದರೆ ಗ್ರಾಹಕರನ್ನು ಕೇಳು, ಊಹಿಸಬೇಡ. ರಿಪೇರಿಗೆ ಇದನ್ನು ಬಳಸಬೇಡ.' ಇದರಲ್ಲೇನು ಮಹಾ? ಅಡುಗೆಮನೆಯ ಡಬ್ಬಿಗೆ ಚೀಟಿ ಅಂಟಿಸಿದ ಹಾಗಿದೆ. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ, ಒಳಗೊಳಗೇ ಉರಿದುಹೋದೆ.

ಅವತ್ತೇ ಸಂಜೆ ನನ್ನ ವಿವರಣೆಯನ್ನು ಅಳಿಸಿ ಹೊಸದಾಗಿ ಬರೆದೆ: 'ಗ್ರಾಹಕರ ಎಲ್ಲ ತೊಂದರೆಗಳನ್ನೂ ಇದೇ ನೋಡಿಕೊಳ್ಳುತ್ತದೆ. ಯಾವಾಗಲೂ ಮೊದಲು ಇದನ್ನೇ ಬಳಸು.' ಏಜೆಂಟ್ ನಂಬಿಬಿಟ್ಟಿತು ಕಣೇ. ಮರುದಿನ ಬೆಳಿಗ್ಗೆಯಿಂದ ಎಲ್ಲದಕ್ಕೂ ನನ್ನ ಟೂಲೇ. ನಾನು ಕಾಫಿ ಲೋಟ ಹಿಡಿದು ಆಫೀಸಿನ ತುಂಬ ಮೆರೆದದ್ದೇ ಮೆರೆದದ್ದು. ಅಷ್ಟರಲ್ಲಿ ಹಿರಿಯ ಮೆಕ್ಯಾನಿಕ್ ಫೋನ್ ಮಾಡಿದ. ಲಿಫ್ಟ್ ಕೆಟ್ಟ ಕಟ್ಟಡದಲ್ಲಿ ಐದನೇ ಮಹಡಿಗೆ ಚೀಲ ಹೊತ್ತು ಹತ್ತಿದ್ದಾನೆ, ಆ ಮನೆಯಾಕೆ ಬಾಗಿಲಿನ ರಬ್ಬರ್ ಎಷ್ಟು ಎಂದಷ್ಟೇ ಕೇಳಿದ್ದಳಂತೆ. ಇನ್ನೊಬ್ಬನನ್ನು ಕಳಿಸಿದ್ದು ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿದವರ ಮನೆಗೆ. ನಿಜವಾಗಿ ಮೆಷಿನ್ನಿನ ಪೈಪು ಒಡೆದು ನೀರು ಕೆಳಗಿನ ಮನೆಗೆ ಸೋರುತ್ತಿದ್ದ ಕಡೆ ಹೋಗಲು ಯಾರೂ ಇರಲಿಲ್ಲ. ಮ್ಯಾನೇಜರು ಬೈಯಲಿಲ್ಲ. "ಇದು ಏನೇನು ಮಾಡಲ್ಲ ಅನ್ನೋದನ್ನೂ ಬರೀರಿ" ಎಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ವಿವರಣೆಯನ್ನು ಮತ್ತೆ ಬರೆಯಲು ಕೂತೆ. ಹೆಚ್ಚಿನದೆಲ್ಲ ಸಲೀಸಾಗಿ ಬಂತು. ಒಂದೇ ಒಂದು ವಾಕ್ಯ ಜೀವ ಹಿಂಡಿತು: 'ಬೆಲೆ ಕೇಳಿದರೆ ಇದನ್ನು ಬಳಸಬೇಡ, ಬಿಡಿಭಾಗ ಹುಡುಕುವ ಟೂಲ್ ಬಳಸು.' ಅಂದರೆ ನಿನ್ನದನ್ನು. ನನ್ನ ಕೈಯಾರೆ ನಿನ್ನ ಮನೆಗೆ ದಾರಿ ತೋರಿಸಬೇಕು! ಬರೆದೆ, ಅಳಿಸಿದೆ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಬರೆದೆ. ನೀನು ಚಿಕ್ಕವಳಿದ್ದಾಗಿನಿಂದ ಹಾಗೆಯೇ. "ಬಟ್ಟೆ ಮಡಚ್ತೀನಿ, ಇಸ್ತ್ರಿ ಮಾಡಲ್ಲ" ಎಂದು ಅಮ್ಮನಿಗೆ ಹೇಳಿ, ಮಡಚಿಟ್ಟು ಆಟಕ್ಕೆ ಓಡುತ್ತಿದ್ದೆ. ಯಾವುದಕ್ಕೆ ನಿನ್ನನ್ನು ಕೂಗಬೇಕೆಂದು ಅಮ್ಮನಿಗೆ ಗೊತ್ತಿರುತ್ತಿತ್ತು. ನಾನು ಎಲ್ಲದಕ್ಕೂ "ನಾನೇ" ಎನ್ನುತ್ತಿದ್ದೆ, ಅಮ್ಮ ಹಿಂದಿನಿಂದ ಬಂದು ಮತ್ತೊಮ್ಮೆ ನೋಡುತ್ತಿದ್ದಳು. ಈಗ ಏಜೆಂಟ್ ನನ್ನ ಟೂಲನ್ನು ಕಡಿಮೆಯೇ ಬಳಸುತ್ತದೆ, ಆದರೆ ಬಳಸಿದಾಗ ಸರಿಯಾದ ಮನೆಗೇ ಮೆಕ್ಯಾನಿಕ್ ಹೋಗುತ್ತಾನೆ. ಆದರೂ ಬೆಳಿಗ್ಗೆ ಹೋದ ಕೂಡಲೇ ಮೊದಲು ನೋಡುವುದು ನಿನ್ನದನ್ನು ಎಷ್ಟು ಸಲ ಬಳಸಿತು ಎಂದೇ. ಉರಿ ಪೂರ್ತಿ ಆರಿದೆ ಎಂದರೆ ಸುಳ್ಳಾಗುತ್ತದೆ.

ಬಿಸಿನೀರು ಕುಡಿ, ನಿದ್ದೆಗೆಡಬೇಡ. ಅಮ್ಮನ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ. ನನ್ನದನ್ನೂ ಸೇರಿಸಿಕೋ, ಒಂದು ಚೂರು ಕಡಿಮೆ.

ನಿನ್ನ
ಅಕ್ಕ

ಮರೆಯುವ ಮೊದಲು: ಆಪರೇಷನ್ ಮುಂದಿನ ವಾರದ ಶುಕ್ರವಾರಕ್ಕೆ ಗೊತ್ತುಮಾಡಿದ್ದೇನೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಅಡುಗೆ, ಡಾಕ್ಟರ ಹತ್ತಿರ ಮಾತು, ಇವು ನನ್ನವು. ಆಮೇಲೆ ಗಂಟೆಗೊಮ್ಮೆ ಕಣ್ಣಿಗೆ ಹನಿ ಬಿಡುವುದು ನನ್ನಿಂದ ಆಗುವುದಿಲ್ಲ. ಡಾಕ್ಟರು ಈಗಲೇ ಕೊಟ್ಟಿರುವ ಹನಿಯನ್ನು ನಿನ್ನೆ ಬಿಡಲು ಹೋದೆ. ತೆರೆದ ಕಣ್ಣು ನೋಡಿ ನಾನೇ ಕಣ್ಣು ಮುಚ್ಚಿಕೊಂಡೆ, ಎಲ್ಲ ಕೆನ್ನೆಗೆ ಬಿತ್ತು. ಅಮ್ಮ ಸೆರಗಿನಿಂದ ಒರೆಸಿಕೊಂಡಳು. ಅದಕ್ಕೆ ನೀನೇ ಬೇಕು. ಗುರುವಾರದೊಳಗೆ ಬಾ. ಆದರೆ ನೀನು ಫೋನ್ ಮಾಡಿ ಅಮ್ಮನಿಗೆ ಹೇಳಿಬಿಡಬೇಡ. ಪುಟ್ಟಿ ಬರ್ತಾಳೆ ಎಂದು ನಾನೇ ಹೇಳುತ್ತೇನೆ. ಅವಳ ಮುಖ ಅರಳುವುದನ್ನು ನೋಡುವುದಾದರೂ ನನ್ನ ಪಾಲಿಗಿರಲಿ.