ಅಕ್ಕನನ್ನು ಹೆಬ್ಬೆಟ್ಟು ಮಾಡಿದ ಭಾಷಣ

ತೊಂಡೇಬಾವಿ
೧೨ ಏಪ್ರಿಲ್ ೧೯೫೯

ಚಿರಂಜೀವಿ ತಮ್ಮ ರಾಮಾಂಜಿನಪ್ಪನಿಗೆ,

ನಿನ್ನ ಅಕ್ಕನ ಆಶೀರ್ವಾದ. ಕಾಗದದಲ್ಲಿ ಮೊದಲು ಕ್ಷೇಮಸಮಾಚಾರ ಬರೆಯಬೇಕಲ್ಲ, ಬರೆಯುತ್ತೇನೆ. ನಿನ್ನ ಭಾವ ಚೆನ್ನಾಗಿದ್ದಾರೆ. ಎಮ್ಮೆ ಈದಿದೆ, ಹೆಣ್ಣು ಕರು. ಬಾವಿಯಲ್ಲಿ ಇನ್ನೂ ನೀರಿದೆ. ಚೆನ್ನಾಗಿಲ್ಲದವಳು ನಾನೊಬ್ಬಳೇ, ಅದೂ ಮೈಗೆ ಏನೂ ಆಗಿಲ್ಲ. ಬೆಂಗಳೂರಿನಿಂದ ಹಿಂದಿರುಗಿದ ಮೇಲೆ ಅಕ್ಕ ಒಂದು ಕಾಗದವನ್ನೂ ಹಾಕಲಿಲ್ಲ ಎಂದು ನೀನು ಬೇಸರ ಮಾಡಿಕೊಂಡಿದ್ದೀಯೆಂದು ನಿನ್ನ ಕೆಲಸಕ್ಕೆ ಓಡಾಡುವ ಬಯ್ಯಪ್ಪ ಹೇಳಿದ. ತಡವಾದದ್ದಕ್ಕೆ ಕ್ಷಮಿಸು. ಸಿಟ್ಟಿನಲ್ಲಿ ಬರೆದರೆ ಆಡಬಾರದ್ದು ಆಡಿಬಿಡುತ್ತೇನೆಂದು ಸುಮ್ಮನಿದ್ದೆ. ಇಷ್ಟು ದಿನ ಕಾದರೂ ಸಿಟ್ಟು ಇಳಿಯಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಇನ್ನೊಂದು ಮಾತು. ಈ ಕಾಗದವನ್ನು ನಾನೇ ಕೂತು ಬರೆಯುತ್ತಿದ್ದೇನೆ, ಯಾರ ಕೈಯಲ್ಲೂ ಬರೆಸುತ್ತಿಲ್ಲ. ನಿಮ್ಮ ಸಭೆಯ ಪ್ರಕಾರ ನನಗೆ ಬರೆಯಲು ಬರುವುದಿಲ್ಲವಲ್ಲ, ಅದಕ್ಕೆ ಹೇಳಿದೆ.

ಮೊದಲು ನ್ಯಾಯವಾದದ್ದನ್ನು ಹೇಳಿಬಿಡುತ್ತೇನೆ. ನೀನು ಎಮ್ಮೆಲ್ಲೆ ಆದ ಮೇಲೆ ವಿಧಾನಸಭೆಯಲ್ಲಿ ಆಡಿದ ಮಾತುಗಳನ್ನು ನನ್ನಷ್ಟು ಆಸೆಯಿಂದ ಓದಿದವರು ಯಾರೂ ಇರಲಾರರು. ಬೆಳಗಿನ ರೈಲಿಗೆ ಪೇಪರ್ ಬರುತ್ತದೆ. ಸ್ಟೇಷನ್ ಮಾಸ್ಟರು ಓದಿ ಮುಗಿಸಿ ಮಧ್ಯಾಹ್ನ ನಮ್ಮ ಮನೆಗೆ ಕಳಿಸುತ್ತಾರೆ. ಚಿಂತಾಮಣಿ ಕಡೆಯ ಯಾವುದೋ ಶಾಲೆಯಲ್ಲಿ ಹರಿಜನರ ಮಕ್ಕಳಿಗೆ ನೀರಿನ ಕೊಡ ಬೇರೆ ಇಟ್ಟಿದ್ದಾರೆಂದು ನೀನು ಗುಡುಗಿದ್ದನ್ನು ಓದಿ ಹೆಮ್ಮೆಪಟ್ಟೆ. ನಾಲ್ಕು ಕ್ಲಾಸಿಗೂ ಒಬ್ಬರೇ ಮೇಷ್ಟ್ರು, ಅವರನ್ನೂ ಚುನಾವಣೆಯ ಕೆಲಸಕ್ಕೆ ಎಳೆದುಕೊಂಡು ಹೋದರೆ ಮಕ್ಕಳಿಗೆ ಪಾಠ ಹೇಳುವವರು ಯಾರು, ಗೋಡೆಯೇ ಎಂದು ಮಂತ್ರಿಗಳನ್ನು ಕೇಳಿದೆಯಲ್ಲ, ಅದನ್ನು ನಿನ್ನ ಭಾವನಿಗೆ ಮತ್ತೆ ಮತ್ತೆ ಓದಿ ಹೇಳಿದೆ. ನಮ್ಮ ತವರು ಸಾದಲಿಯಲ್ಲಿ ರೇಷ್ಮೆಹುಳು ಸೊಪ್ಪು ಹೆಚ್ಚು ತಿನ್ನುವ ವಾರ ಹೆಣ್ಣುಮಕ್ಕಳು ಯಾರೂ ಶಾಲೆಗೆ ಬರುವುದಿಲ್ಲ, ಎಲ್ಲರೂ ತೋಟದಲ್ಲಿ ಸೊಪ್ಪು ಕೀಳುತ್ತಿರುತ್ತಾರೆ, ಆ ವಾರ ರಜ ಕೊಟ್ಟು ಬೇಸಿಗೆಯಲ್ಲಿ ಆ ಪಾಠ ಮಾಡಿ ಎಂದು ನೀನು ಹೇಳಿದಾಗ ಎಲ್ಲರೂ ಮೇಜು ಕುಟ್ಟಿದರಂತೆ. ಅದು ನಾನು ನಿನಗೆ ಹೇಳಿಕೊಟ್ಟ ಮಾತು. ನನ್ನ ಹೆಸರು ಬರಲಿಲ್ಲವೆಂದು ನಾನು ಒಂದು ದಿನವೂ ಕೊರಗಲಿಲ್ಲ. ಅಕ್ಕ ಅಂದುಕೊಂಡದ್ದು ತಮ್ಮನ ಬಾಯಲ್ಲಿ ಬಂದರೆ ಸಾಕು ಅನ್ನಿಸಿತ್ತು.

ಹಾಗಿರುವಾಗ, ವಿದ್ಯಾ ಇಲಾಖೆಯ ಮೇಲೆ ಚರ್ಚೆ ಇದೆ, ಬಂದು ಕೇಳಕ್ಕಾ ಎಂದು ಬಯ್ಯಪ್ಪನ ಕೈಯಲ್ಲಿ ಪಾಸು ಕಳಿಸಿದೆ. ವಿಧಾನಸೌಧದ ಮೆಟ್ಟಿಲು ಹತ್ತುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ ಕಣಪ್ಪ. ಮೇಲೆ ಗ್ಯಾಲರಿಯಲ್ಲಿ ಕೂತೆ. ನೀನು ಎದ್ದು ನಿಂತೆ. ಹೆಣ್ಣುಮಕ್ಕಳ ಶಾಲೆಗೆ ತೆಗೆದಿಟ್ಟ ಹಣ ಸಾಲದು ಎಂದೆ, ಸರಿ. ಊರೂರು ಅಲೆದರೂ ಒಬ್ಬ ಉಪಾಧ್ಯಾಯಿನಿ ಸಿಕ್ಕುವುದಿಲ್ಲ ಎಂದೆ, ಅದೂ ಸರಿ. ಆಮೇಲೆ ದನಿ ಇಳಿಸಿದೆ. "ಸನ್ಮಾನ್ಯ ಅಧ್ಯಕ್ಷರೇ, ಅಂಕಿ ಅಂಶಗಳು ಹಾಗಿರಲಿ. ನನ್ನ ಒಡಹುಟ್ಟಿದ ಅಕ್ಕ ಅಲ್ಲಿ ಕೂತಿದ್ದಾಳೆ. ಆಕೆಯ ಸ್ಥಿತಿಯನ್ನು ನೋಡಿ. ಆಕೆಗೆ 'ಅ' ಎಂದರೆ ಏನೆಂದು ಗೊತ್ತಿಲ್ಲ, ಹೆಬ್ಬೆಟ್ಟು. ತಮ್ಮ ಬೆಳಕಿನಲ್ಲಿ ನಿಂತಿದ್ದಾನೆ, ಅಕ್ಕ ಕತ್ತಲೆಯಲ್ಲಿ ಕೂತಿದ್ದಾಳೆ" ಎಂದು ಕೈಯೆತ್ತಿ ನನ್ನನ್ನು ತೋರಿಸಿದೆ.

ಅಷ್ಟೂ ತಲೆಗಳು ಮೇಲಕ್ಕೆ ತಿರುಗಿದವು. ಗ್ಯಾಲರಿಯ ಕಡೆ ಕೈ ತೋರಿಸಬೇಡಿ ಎಂದು ಅಧ್ಯಕ್ಷರು ನಿನ್ನನ್ನು ಗದರಿದರು. ಆ ಸಭೆಯಲ್ಲಿ ನನ್ನ ಮಾನ ಕಾಯಲು ಬಂದವರು ಅವರೊಬ್ಬರೇ, ಅವರು ನನಗೆ ಗುರುತಿನವರೂ ಅಲ್ಲ. ಪಕ್ಕದಲ್ಲಿದ್ದ ಯಾರೋ ಹೆಂಗಸು ನನ್ನ ಕೈ ಹಿಡಿದು "ಪಾಪ" ಎಂದಳು. ನಾನು ಏನು ಮಾಡಿದೆ ಗೊತ್ತೇ? ಓದುವ ಕನ್ನಡಕ ಮೂಗಿನ ಮೇಲಿತ್ತು, ಮೆಲ್ಲಗೆ ತೆಗೆದು ಸೆರಗಿನೊಳಗೆ ಬಚ್ಚಿಟ್ಟೆ. ತಮ್ಮ ಸಿಕ್ಕಿಬಿದ್ದಾನು ಎಂದು.

'ಅ' ಗೊತ್ತಿಲ್ಲದವಳು! ಸಾದಲಿಯ ಹಿತ್ತಲಲ್ಲಿ ಮರಳು ಹರಡಿ, ನಿನ್ನ ಬೆರಳು ಹಿಡಿದು ಅದೇ 'ಅ'ವನ್ನು ತಿದ್ದಿಸಿದವರು ಯಾರು? ನಾಲ್ಕನೇ ಕ್ಲಾಸು ಮುಗಿಯುವ ಮೊದಲೇ ಅಪ್ಪ ನನ್ನನ್ನು ಶಾಲೆ ಬಿಡಿಸಿದರು, ನಿನ್ನನ್ನು ಚಿಕ್ಕಬಳ್ಳಾಪುರದ ಹೈಸ್ಕೂಲಿಗೆ ಸೇರಿಸಿದರು. ಅದನ್ನು ಹೇಳಿದ್ದರೆ ನಾನು ಗ್ಯಾಲರಿಯಿಂದಲೇ ಹೌದು ಎಂದು ಕೂಗುತ್ತಿದ್ದೆ. ಅದು ನಿಜ, ಅದು ಅನ್ಯಾಯ, ಅದಕ್ಕೆ ಸಭೆಯೂ ನಾಚಿಕೊಳ್ಳಬೇಕು. ಬಿಡಿಸಿದ ಮೇಲೂ ರಜದಲ್ಲಿ ನೀನು ತರುತ್ತಿದ್ದ ಪುಸ್ತಕಗಳನ್ನು ಒಲೆಯ ಮುಂದೆ ಕೂತು ಓದಿದೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅತ್ತೆಯ ಹತ್ತಿರ ತೆಲುಗು ಅಕ್ಷರಗಳನ್ನೂ ಕಲಿತೆ. ಇಷ್ಟೆಲ್ಲ ನಿನಗೆ ಗೊತ್ತು. ಗೊತ್ತಿದ್ದೂ ಹೇಳಿದೆ. ನಾಲ್ಕನೇ ಕ್ಲಾಸಿನವಳೆಂದರೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ, ಹೆಬ್ಬೆಟ್ಟು ಎಂದರೆ ಬರುತ್ತದೆ, ಅಲ್ಲವೇ?

ಈಗ ಅದರಿಂದ ಆದದ್ದನ್ನು ಕೇಳು. ಹುಣಸೆಯ ಕಾಲದಲ್ಲಿ ಹೆಂಗಸರು ನಮ್ಮ ಜಗಲಿಯ ಮೇಲೆ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಾರಲ್ಲ. ಹೋದ ವರ್ಷದಿಂದ ಆ ಬೀಜಗಳನ್ನೇ ನೆಲದ ಮೇಲೆ ಜೋಡಿಸಿ ಅವರಿಗೆ ಅಕ್ಷರ ಕಲಿಸುತ್ತಿದ್ದೇನೆ. ಹೊಸ ಹಣ್ಣಿನ ಬೀಜ ಅಂಟಂಟಾಗಿರುತ್ತದೆ, ಇಟ್ಟ ಕಡೆ ನಿಲ್ಲುತ್ತದೆ. ಕೈಯ ಕೆಲಸವೂ ಕೆಡುವುದಿಲ್ಲ, ಗಂಡಂದಿರ ತಕರಾರೂ ಇಲ್ಲ. ಅವರಲ್ಲೆಲ್ಲ ಚುರುಕಾದವಳು ಮುನಿಗಂಗಮ್ಮ. ಅವಳ ಗಂಡನಿಗೆ ರೈಲ್ವೆ ಹಳಿಯ ಮೇಲೆ ಕೆಲಸ. ಸ್ಟೇಷನ್ನಿನ ಬೋರ್ಡನ್ನು ತಾನೇ ಓದಿ ಬಂದ ದಿನ ಅವಳು ಜಗಲಿಯ ಮೇಲೆ ಕುಣಿದಾಡಿದಳು. ಅದನ್ನು ನೋಡಿ ನನಗೂ ಧೈರ್ಯ ಬಂತು. ಸರ್ಕಾರದ ವಯಸ್ಕರ ಶಿಕ್ಷಣಕ್ಕೆ ನಮ್ಮ ಜಗಲಿಯನ್ನೂ ಸೇರಿಸಿಕೊಳ್ಳಿ, ಸ್ಲೇಟು ಪುಸ್ತಕ ಕೊಡಿ, ನನ್ನನ್ನೇ ಕಲಿಸುವವಳೆಂದು ಒಪ್ಪಿಕೊಳ್ಳಿ ಎಂದು ಅರ್ಜಿ ಹಾಕಿದೆ. ನಿನ್ನ ಹೆಸರು ಎತ್ತದೆ ಹಾಕಿದೆ. ನನ್ನ ಹೆಸರಿನಲ್ಲಿ ನನ್ನದು ಎಂಬುದೊಂದು ಇರಲಿ ಎಂಬ ಆಸೆ.

ಹದಿನೈದು ದಿನದ ಹಿಂದೆ ಅದನ್ನು ವಿಚಾರಿಸಲು ಒಬ್ಬ ಸಾಹೇಬರು ಬಂದರು. ಕೈಯಲ್ಲಿ ನಿನ್ನ ಭಾಷಣ ಅಚ್ಚಾಗಿದ್ದ ಪೇಪರ್. "ಅಲ್ಲಮ್ಮಾ, ನಿಮ್ಮ ತಮ್ಮನವರೇ ಅಸೆಂಬ್ಲೀಲಿ ನಿಮಗೆ ಅಕ್ಷರ ಬರಲ್ಲ ಅಂದಿದಾರೆ. ನಾನು ಬರುತ್ತೆ ಅಂತ ಬರೆದ್ರೆ ಶಾಸಕರು ಸುಳ್ಳು ಹೇಳಿದ್ರು ಅಂತ ಬರೆದ ಹಾಗಾಯ್ತು. ನಾನೂ ಹೆಂಡ್ತಿ ಮಕ್ಕಳಿರೋನು" ಎಂದರು. ಅವರ ಕೈಯಿಂದ ಆ ಪೇಪರನ್ನೇ ಕಿತ್ತುಕೊಂಡು, ನನಗೆ ಓದಲು ಬರುವುದಿಲ್ಲ ಎಂಬ ಆ ಸಾಲನ್ನೇ ಗಟ್ಟಿಯಾಗಿ ಓದಿದೆ. ಪಾಪ, ಕೆಟ್ಟವರಲ್ಲ, ಬೆವರೊರೆಸಿಕೊಂಡರು. "ಹೋಗ್ಲಿ, ನೀವು ಕಲಿಸಿದೋರನ್ನ ಕರೀರಿ. ಅವ್ರು ತಮ್ಮ ಹೆಸರು ಬರೆದು ಸಹಿ ಹಾಕಿದ್ರೆ ಸಾಕು, ಅದನ್ನೇ ತೋರಿಸಿ ಮಾಡಿಸಿಕೊಡ್ತೀನಿ" ಎಂದರು.

ಕರೆದೆ. ಎಲ್ಲರೂ ಕೈ ತೊಳೆದುಕೊಂಡು ಬಂದು ಸಾಲಾಗಿ ಕೂತರು. ಮೊದಲು ಮುನಿಗಂಗಮ್ಮ. ಸಾಹೇಬರು ಪೆನ್ನು ಕೊಟ್ಟರೆ, ಅವಳು ಅದನ್ನು ಪಕ್ಕಕ್ಕಿಟ್ಟು, ಮಸಿಗೆ ಹೆಬ್ಬೆರಳು ಒತ್ತಿ ಕಾಗದದ ಮೇಲೆ ಊರಿಬಿಟ್ಟಳು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳ ಹಿಂದಿದ್ದವಳೂ ಒತ್ತಿದಳು, ಆಮೇಲಿನವಳೂ ಒತ್ತಿದಳು. "ಈಯಮ್ಮ ನಿಮಗೇನೂ ಕಲಿಸ್ಲಿಲ್ವಾ?" ಎಂದು ಸಾಹೇಬರು ಕೇಳಿದರೆ ಮುನಿಗಂಗಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು, "ಇಲ್ಲ ಸ್ವಾಮಿ. ಆಯಮ್ಮಂಗೇ ಬರಲ್ಲ, ಇನ್ನ ನಮಗೆಲ್ಲಿ ಕಲಿಸ್ತಾಳೆ" ಎಂದಳು.

ಸಾಹೇಬರು ಹೋದ ಮೇಲೆ ಅವಳ ರಟ್ಟೆ ಹಿಡಿದು ಅಲ್ಲಾಡಿಸಿದೆ. ಅವಳು ನಗುತ್ತಿದ್ದಾಳೆ!

"ಅಯ್ಯೋ ತಲ್ಲೀ, ಬೈಬೇಡ. ನಾವೆಲ್ಲ ಮೊದ್ಲೇ ಮಾತಾಡ್ಕೊಂಡಿದ್ವಿ. ನಮ್ ರಾಮಾಂಜಪ್ಪನೋರು ಅಷ್ಟ್ ದೊಡ್ ಸಭೇಲಿ ಒಂದ್ ಮಾತು ಆಡವ್ರೆ. ನಾವು ಸಹಿ ಹಾಕಿದ್ರೆ ಆ ಮಾತು ಸುಳ್ಳಾಗ್ತದೆ. ನಾವೇ ಓಟ್ ಹಾಕಿ ಗೆಲ್ಸಿದೋರ ಮಾನ ನಾವೇ ತೆಗೀತೀವಾ? ನಮಗೆ ಬರ್ತದೆ ಅಂತ ನಮಗ್ ಗೊತ್ತಲ್ಲ, ಬಿಡಮ್ಮಾ."

ಹಿಡಿದ ರಟ್ಟೆ ಬಿಟ್ಟೆ. ನಿನ್ನ ಮಾನ ಉಳಿಸಿದೆವೆಂದು ಅವರೆಲ್ಲರ ಮುಖದಲ್ಲಿ ಎಂಥ ಸಂತೋಷವಿತ್ತು ಅಂತೀಯ! ಕಷ್ಟಪಟ್ಟು ಕಲಿತದ್ದನ್ನು ನಿನಗೋಸ್ಕರ ನುಂಗಿಕೊಂಡುಬಿಟ್ಟರು. ನಿನಗೆ ಇಂಥ ಜನ ಸಿಕ್ಕಿದ್ದಾರೆ, ನೀನು ಅವರಿಗೆ ಎಂಥವನು ಸಿಕ್ಕಿದ್ದೀಯ ನೋಡಿಕೋ. ನಮಗೆ ಬರಬೇಕಾಗಿದ್ದ ಸ್ಲೇಟು ಪುಸ್ತಕ ಬೇರೆ ಊರಿಗೆ ಹೋಯಿತು. ಗಂಡಸರಿಗೆ ಅಷ್ಟೇ ಸಾಕಾಯಿತು. "ಏನೂ ಕಲ್ತಿಲ್ಲ ಅಂತ ನೀವೇ ಹೇಳಿದೀರಲ್ಲ, ಇನ್ನ ಬೀಜ ಜೋಡಿಸ್ಕೊಂಡು ಯಾಕೆ ಕೂತ್ಕೋತೀರಾ, ಬೇಗ ಬೇಗ ಕುಟ್ರಿ" ಎನ್ನುತ್ತಾರೆ. ಈಗ ಜಗಲಿಯ ಮೇಲೆ ಹುಣಸೆ ಕುಟ್ಟುವ ಸದ್ದು ಮಾತ್ರ ಇದೆ.

ಇದನ್ನೆಲ್ಲ ನಿನಗೆ ತಿಳಿಸೆಂದು ಬಯ್ಯಪ್ಪನಿಗೆ ಹೇಳಿ ಕಳಿಸಿದೆ. ಅವನು ನಿನ್ನ ಉತ್ತರ ಹೊತ್ತು ಬಂದ. "ಮಾತಿನ ಭರದಲ್ಲಿ ಬಂದ್ಬಿಡ್ತಂತೆ ಅಕ್ಕಯ್ಯ. ಈಗ ಎದ್ದು ನಿಂತು ತಪ್ಪಾಯ್ತು ಅಂದ್ರೆ ಅವರ ಉಳಿದ ಮಾತ್ನೂ ಯಾರೂ ನಂಬಲ್ವಂತೆ. ನಿಮಗೆ ಒಂದು ಹೊಲಿಗೆ ಮಿಷನ್ ಕೊಡಿಸ್ತಾರಂತೆ." ಹೊಲಿಗೆ ಮಿಷನ್! ಏನು ಹೊಲಿಯಲಿ, ನನ್ನ ಬಾಯನ್ನೇ? ನಿನ್ನ ಭಾವ, "ಬಿಡೇ, ಒಡಹುಟ್ಟಿದೋನು. ಮನೆ ಮಾತು ಮನೇಲಿರ್ಲಿ" ಎಂದರು. ಮನೆಯ ಮಾತನ್ನು ಸಭೆಗೆ ಹೊತ್ತುಕೊಂಡು ಹೋದವನು ಅವನು, ನಾನಲ್ಲ ಎಂದೆ. ಅವರು ಎದ್ದು ಎಮ್ಮೆಗೆ ನೀರು ಕುಡಿಸಲು ಹೋದರು.

ರಾಮಾಂಜಿ, ನಾನು ಕೇಳುವುದು ಇಷ್ಟೇ. ಸಭೆ ಮತ್ತೆ ಸೇರಿದ ದಿನ ಎದ್ದು ನಿಂತು, ನನ್ನ ಅಕ್ಕನಿಗೆ ಓದು ಬರಹ ಬರುತ್ತದೆ, ನಾನು ಆಡಿದ್ದು ಸುಳ್ಳು ಎಂದು ಹೇಳು. ಆ ಸಾಹೇಬರು ಮತ್ತೆ ಬರುತ್ತಾರೆ, ಮುನಿಗಂಗಮ್ಮ ತನ್ನ ಹೆಸರು ಬರೆಯುತ್ತಾಳೆ. ಉಳಿದ ಮಾತನ್ನು ಯಾರೂ ನಂಬುವುದಿಲ್ಲ ಎಂದು ಹೆದರಬೇಡ. ನೀರಿನ ಕೊಡದ ಮಾತು ನಿಜ. ಒಬ್ಬರೇ ಮೇಷ್ಟ್ರ ಮಾತು ನಿಜ. ಅಷ್ಟು ನಿಜ ಇಟ್ಟುಕೊಂಡು ನಿನಗೆ ಒಂದು ಸುಳ್ಳಿನ ಆಸರೆ ಏಕೆ ಬೇಕಾಯಿತು? ನೀನು ಹೇಳದಿದ್ದರೆ ನಾನೇ ಅಧ್ಯಕ್ಷರಿಗೆ ಕಾಗದ ಬರೆಯುತ್ತೇನೆ. ನನಗೆ ಬರೆಯಲು ಬರುತ್ತದೆ ಎನ್ನುವುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಾಗಲಾರದು.

ಬಿಸಿಲು ಜಾಸ್ತಿಯಾಗಿದೆ, ಪ್ರವಾಸ ಹೋಗುವಾಗ ಹೊಟ್ಟೆ ತುಂಬ ಮಜ್ಜಿಗೆ ಕುಡಿದು ಹೊರಡು. ನಿನ್ನ ಹೆಂಡತಿಗೂ ಮಗುವಿಗೂ ನನ್ನ ಆಶೀರ್ವಾದ ತಿಳಿಸು. ನನಗೆ ಸಿಟ್ಟಿರುವುದು ನಿನ್ನ ನಾಲಿಗೆಯ ಮೇಲೆ, ಆಯಸ್ಸಿನ ಮೇಲಲ್ಲ. ನೂರು ಕಾಲ ಬಾಳು, ತಲೆಯೆತ್ತಿಕೊಂಡು ಬಾಳು.

ಇಂತಿ ನಿನ್ನ ಅಕ್ಕ,
ಅಕ್ಕಯಮ್ಮ
(ಇದು ಸಹಿ, ಹೆಬ್ಬೆಟ್ಟಲ್ಲ)

ಮರುಬರಹ: ಇದನ್ನು ಬರೆಯಬಾರದೆಂದು ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಸಭೆಗೆ ಉಟ್ಟುಕೊಂಡು ಬರಲೆಂದು ಶಿಡ್ಲಘಟ್ಟದಿಂದ ಒಂದು ಹೊಸ ಸೀರೆ ತರಿಸಿಕೊಂಡಿದ್ದೆ. ಆ ಬೆಳಗ್ಗೆ ಬೆಂಗಳೂರಿನ ನಿನ್ನ ಕೋಣೆಯಲ್ಲಿ ಅದರ ಮಡಿಕೆ ಬಿಚ್ಚುತ್ತಿದ್ದರೆ ನೀನು ಕಾಫಿ ಲೋಟ ಹಿಡಿದುಕೊಂಡು ಬಂದು, "ಅದು ಬೇಡ ಅಕ್ಕಾ, ರೈಲಲ್ಲಿ ಉಟ್ಕೊಂಡು ಬಂದಿದ್ಯಲ್ಲ, ಆ ಹಳೇದೇ ಇರ್ಲಿ. ಅದ್ರಲ್ಲೇ ನೀನು ನಮ್ಮಮ್ಮನ ಥರ ಕಾಣ್ತೀಯ" ಎಂದೆ. ಅಮ್ಮನ ಹೆಸರು ಕೇಳಿ ನನ್ನ ಕಣ್ಣು ತುಂಬಿ ಬಂತು. ಹೊಸದನ್ನು ಚೀಲಕ್ಕೆ ಹಾಕಿ, ಹರಿದ ಸೆರಗನ್ನು ಕಾಣದ ಹಾಗೆ ಸಿಕ್ಕಿಸಿಕೊಂಡು ನಿನ್ನ ಹಿಂದೆ ಬಂದೆ. "ಆಕೆಯ ಸ್ಥಿತಿಯನ್ನು ನೋಡಿ" ಎಂದು ನೀನು ಕೈಯೆತ್ತಿದಾಗಲೇ ನನಗೆ ಅರ್ಥವಾಗಿದ್ದು. ಸಭೆಯಲ್ಲಿ ಮಾತಿನ ಭರ ಇತ್ತು, ಒಪ್ಪಿಕೊಳ್ಳುತ್ತೇನೆ. ಬೆಳಗ್ಗೆ ಕಾಫಿ ಕುಡಿಯುವಾಗ ನಿನಗೆ ಯಾವ ಭರ ಇತ್ತಪ್ಪ?